ಅವಧಿ ಬರೆಯದ ಕಾಗದ

ಆ ಕಾಗದ ಬರೆದವನು ನಾನೇ. ಅಕ್ಷರ ನನ್ನದು, ಒಕ್ಕಣೆ ನನ್ನದು, ಕೆಳಗೆ ‘ಕಾರ್ಯದರ್ಶಿ’ ಎಂದು ಹಾಕಿದ ಸಹಿಯೂ ನನ್ನದೇ. 2015ರ ಜೂನ್, ಮಿರಗದ ಮಳೆ ಇನ್ನೂ ಹಿಡಿದಿರಲಿಲ್ಲ. ಬಸವಕಲ್ಯಾಣದಿಂದ ಸಸ್ತಾಪುರ ಬಂಗ್ಲಾದ ಕಡೆ ಹೋಗುವ ದಾರಿಯಲ್ಲಿ, ಊರು ಮುಗಿದು ತೊಗರಿ ಹೊಲ ಸುರುವಾಗುವಲ್ಲಿ, ನಮ್ಮ ಹೊಸ ಬಡಾವಣೆ. ಅರವತ್ತು ಚಿಲ್ಲರೆ ಸೈಟು, ಎದ್ದು ನಿಂತ ಮನೆ ಹನ್ನೊಂದು. ಅರ್ಧ ಕಟ್ಟಿದ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಬಡಾವಣೆ ಸಂಘದ ನಾವು ಐದು ಜನ ಕುಳಿತಿದ್ದೆವು. ಡಿಶ್ ಮಾಲಕ ಬಂದ. ಕೈಯಲ್ಲಿ ಒಂದು ಪೊಟ್ಟಣ ಮಿರ್ಚಿ ಭಜಿ.

ಊರಲ್ಲಿ ಆತನನ್ನು ಎಲ್ಲರೂ ಕರೆಯುವುದೇ ಹಾಗೆ, ಡಿಶ್ ಮಾಲಕ. ನಿಜವಾದ ಡಿಶ್ ಅಂದರೆ ಕೊಡೆಯಂಥ ಆಂಟೆನಾ ಆತನ ಮಾಳಿಗೆಯ ಮೇಲೆ ಮಾತ್ರ ಇತ್ತು, ನಮ್ಮ ಮನೆಗಳಿಗೆ ಬರುತ್ತಿದ್ದದ್ದು ತಂತಿ. ಈಗ ಆ ತಂತಿಯ ಜೊತೆಗೇ ನೆಟ್ಟನ್ನೂ ಕೊಡುತ್ತೇನೆ ಎಂದ. ಗುಡಿಗೆ ಕನೆಕ್ಷನ್ ಪುಕ್ಕಟೆ, ಗೇಟಿನ ಹತ್ತಿರ ನಾಲ್ಕು ಕ್ಯಾಮೆರಾ, ಗುಡಿಯ ಫರಸಿಗೆ ಹದಿನೈದು ಸಾವಿರ. ‘ನನಗ ಏನೂ ಬ್ಯಾಡ್ರಿ ಸರ, ಒಂದು ಲೆಟರ್ ಕೊಡ್ರಿ ಸಾಕು’ ಅಂದ.

ಹುಮನಾಬಾದಿನ ಕಾಲೇಜೊಂದರಲ್ಲಿ ನಾನು ಕನ್ನಡ ಪಾಠ ಮಾಡುವವನು. ಲೆಟರ್ ಬರೆಯುವ ಕೆಲಸ ಮದುವೆ ಪತ್ರಿಕೆಯಿಂದ ಶ್ರದ್ಧಾಂಜಲಿಯ ತನಕ ನನ್ನ ಪಾಲಿಗೇ ಬರುತ್ತದೆ. ಭಜಿಯ ಎಣ್ಣೆ ಕೈಯನ್ನು ಕರವಸ್ತ್ರಕ್ಕೆ ಒರೆಸಿಕೊಂಡು ಬರೆದೆ: ನಮ್ಮ ಬಡಾವಣೆಯಲ್ಲಿ ಕೇಬಲ್ ಹಾಗೂ ಇಂಟರ್‌ನೆಟ್ ಸೇವೆ ಒದಗಿಸಲು ತಮಗೊಬ್ಬರಿಗೇ ಒಪ್ಪಿಗೆ ನೀಡಲಾಗಿದ್ದು, ಬೇರೆ ಯಾರಿಗೂ ಕಂಬಕ್ಕೆ ತಂತಿ ಕಟ್ಟಲಾಗಲಿ ರಸ್ತೆ ಅಗೆಯಲಾಗಲಿ ಅನುಮತಿ ಕೊಡಲಾಗುವುದಿಲ್ಲ. ಆ ‘ಆಗಲಿ, ಆಗಲಿ’ ಬಂದು ಕೂತ ರೀತಿ ನನಗೇ ಹಿಡಿಸಿತು. ಅಧ್ಯಕ್ಷರು ಕನ್ನಡಕ ಏರಿಸಿ ಓದಿ ‘ಭಾಷಾ ಛಲೋ ಬಂದದ ನೋಡ್ರಿ’ ಎಂದರು. ಎಲ್ಲಿಯ ತನಕ ಎಂದು ಯಾರೂ ಕೇಳಲಿಲ್ಲ. ನಾನೂ ಬರೆಯಲಿಲ್ಲ. ಮಕ್ಕಳ ಉತ್ತರಪತ್ರಿಕೆಯಲ್ಲಿ ಅರ್ಧವಿರಾಮ ತಪ್ಪಿದರೆ ಕೆಂಪು ಶಾಯಿ ಹಚ್ಚುವವನು ನಾನು.

ಒಂದೇ ತಂತಿಯ ಲೋಕ ನನಗೆ ಹೊಸದಾಗಿರಲಿಲ್ಲ. ನಾನು ಹುಟ್ಟಿ ಬೆಳೆದದ್ದು ಹುಮನಾಬಾದಿನಲ್ಲಿ, ವೀರಭದ್ರೇಶ್ವರ ಗುಡಿಗೆ ನಡೆದು ಹೋಗುವಷ್ಟು ಹತ್ತಿರದ ಓಣಿಯಲ್ಲಿ. ಅಪ್ಪ 1991ರಲ್ಲಿ ಫೋನಿಗೆ ಹೆಸರು ಬರೆಸಿದರು. ಬಂದದ್ದು 1996ರಲ್ಲಿ. ಅದಕ್ಕೆ ಅವರು ಸಿಟ್ಟು ಮಾಡಿದ್ದು ನಾನು ನೋಡಲಿಲ್ಲ, ದೇಶವೇ ಸಾಲಿನಲ್ಲಿ ನಿಂತಿದ್ದ ಕಾಲ ಅದು. 1994ರ ರಾಷ್ಟ್ರೀಯ ದೂರಸಂಪರ್ಕ ನೀತಿ, 1997ರ ಹೊತ್ತಿಗೆ ಕೇಳಿದವರಿಗೆಲ್ಲ ಫೋನ್ ಎಂದು ಗುರಿ ಇಟ್ಟುಕೊಂಡಿತ್ತು. ‘ನಮಗ ಸರ್ಕಾರ ಹೇಳಿದ್ದಕ್ಕಿಂತ ಒಂದು ವರ್ಷ ಮೊದಲೇ ಬಂತು’ ಎಂದು ಅಪ್ಪ ಬಂದವರ ಮುಂದೆಲ್ಲ ಹೇಳಿಕೊಂಡರು. ಮುಂದೆ ಓಣಿಯ ಎಂಟು ಮನೆಯವರು ತಮ್ಮ ಮದುವೆ ಕಾರ್ಡಿನಲ್ಲಿ ನಮ್ಮ ನಂಬರ್ ಹಾಕಿ ಪಕ್ಕದಲ್ಲಿ ‘ಪಿ.ಪಿ.’ ಎಂದು ಮುದ್ರಿಸಿದರು. ಬೀದರಿನಿಂದಲೋ ಸೊಲ್ಲಾಪುರದಿಂದಲೋ ಫೋನ್ ಬಂದರೆ ನಾನು ಚಪ್ಪಲಿ ಮೆಟ್ಟಿ ಓಡಬೇಕು, ‘ಕಾಕಾ, ನಿಮಗ ಫೋನ್ ಅದ’ ಎಂದು ಕೂಗಬೇಕು. ಆ ಎಂಟು ಮನೆಗಳಿಗೆ ನಾವೇ ಏಕಸ್ವಾಮ್ಯ. ಫೋನಿನ ಪೆಟ್ಟಿಗೆಗೆ ಅವ್ವ ಕಸೂತಿ ಹಾಕಿದ ಬಟ್ಟೆ ಮುಚ್ಚುತ್ತಿದ್ದಳು. ಯಾರ ಮೇಲಾದರೂ ಮುನಿಸಿದ್ದರೆ, ಅವರಿಗೆ ಫೋನ್ ಬಂದಾಗ ‘ಮನ್ಯಾಗಿಲ್ರಿ’ ಎಂದು ತಾನೇ ಹೇಳಿ ಇಟ್ಟದ್ದೂ ಉಂಟು. ಒಂದೆರಡು ಸಲ ಅಷ್ಟೇ. ಆದರೂ ಉಂಟು.

ಅದೇ ಅವ್ವ ಗಿರಣಿಯ ವಿಷಯದಲ್ಲಿ ಮಾತ್ರ ಬೇರೆ ಮಾತಾಡುತ್ತಿದ್ದಳು. ನಮ್ಮ ಓಣಿಗೆ ಒಂದೇ ಹಿಟ್ಟಿನ ಗಿರಣಿ. ಜೋಳದ ಡಬ್ಬಿ ಹೊತ್ತು ಹೋದರೆ ಗಿರಣಿಯವ ಡಬ್ಬಿಗಳನ್ನು ತನ್ನ ಮರ್ಜಿಯಂತೆ ಸಾಲಿಗಿಡುತ್ತಿದ್ದ. ಹಿಟ್ಟು ತರಿತರಿಯಾಗಿ ಬೀಳುತ್ತಿತ್ತು, ರೊಟ್ಟಿ ತಟ್ಟುವಾಗ ಅಂಚು ಬಿರಿಯುತ್ತಿತ್ತು. ಕಲ್ಲಿನ ಸುತ್ತ ಉಳಿದ ಹಿಟ್ಟನ್ನು ಗುಡಿಸಿ ಆತ ತನ್ನ ಡಬ್ಬಿಗೇ ಹಾಕಿಕೊಳ್ಳುತ್ತಿದ್ದ. ಎದುರಿಗೆ ಇನ್ನೊಂದು ಗಿರಣಿ ಸುರುವಾದ ವಾರವೇ ಆತ ಗುಡಿಸಿದ ಹಿಟ್ಟನ್ನು ನಮ್ಮ ಡಬ್ಬಿಗೆ ಹಾಕತೊಡಗಿದ. ‘ಕಲ್ಲೂ ಅದೇ ಅದ, ಮೋಟರೂ ಅದೇ ಅದ’ ಎನ್ನುತ್ತಿದ್ದಳು ಅವ್ವ, ಬೆರಳ ನಡುವೆ ಹಿಟ್ಟನ್ನು ಉಜ್ಜಿ ನೋಡುತ್ತ.

ಇಂಟರ್‌ನೆಟ್ಟಿನ ಕಥೆಯೂ ದೇಶದಲ್ಲಿ ಒಂದೇ ಗಿರಣಿಯಿಂದಲೇ ಮೊದಲಾದದ್ದು. 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮ ಸಾರ್ವಜನಿಕರಿಗೆ ನೆಟ್ ಕೊಡಲು ಸುರು ಮಾಡಿತು, ಅದೂ ದೊಡ್ಡ ಶಹರಗಳಲ್ಲಿ. 1998ರ ನವೆಂಬರಿನಲ್ಲಿ ಖಾಸಗಿಯವರಿಗೂ ಬಾಗಿಲು ತೆರೆಯಿತು. ಕಾಗದದ ಮೇಲೆ ಅಂದಿನಿಂದ ಯಾರು ಬೇಕಾದರೂ ಪರವಾನಗಿ ಪಡೆದು ನೆಟ್ ಮಾರಬಹುದು. ನಮ್ಮ ಕಡೆ ಮಾರುವವರಿರಲಿಲ್ಲ, ಅದು ಬೇರೆ. ಹುಮನಾಬಾದಿನ ಸೈಬರ್ ಕೆಫೆಯೊಂದರಲ್ಲಿ ನನ್ನ ಯುಜಿಸಿ ನೆಟ್ ಪರೀಕ್ಷೆಯ ಫಲಿತಾಂಶ ನೋಡಲು ಹೋಗಿದ್ದೆ. ಫೋನಿನ ತಂತಿಯ ಮೇಲೇ ಓಡುವ ನೆಟ್, ಮೋಡೆಮ್ ಕಿರ್ರೆಂದು ಕೂಗಿ ಕೂಡಿಕೊಂಡಿತು. ನನ್ನ ರೋಲ್ ನಂಬರಿನ ಪುಟ ಮೇಲಿನಿಂದ ಕೆಳಕ್ಕೆ ಪರದೆ ಇಳಿದಂತೆ ಇಳಿಯುತ್ತಿರುವಾಗ ಕೆಫೆಯವನ ಹೆಂಡತಿ ಒಳಗಿನಿಂದ ಅದೇ ಲೈನಿನ ಫೋನ್ ಎತ್ತಿದಳು. ಪುಟ ಅಲ್ಲಿಗೇ ನಿಂತಿತು. ನೆಟ್ ಪಾಸಾದದ್ದು ನನಗೆ ತಿಳಿದದ್ದು ಮರುದಿನ, ಕಲಬುರಗಿಯ ಗೆಳೆಯನಿಂದ.

ಹೇಳಬೇಕಾದದ್ದು ಇದು. 1998ರಲ್ಲಿ ಹೋದದ್ದು ಪರವಾನಗಿಯ ಏಕಸ್ವಾಮ್ಯ. ತಂತಿಯ ಏಕಸ್ವಾಮ್ಯವನ್ನು ಯಾವ ಸರಕಾರವೂ ಹೊರಡಿಸಿದ್ದಲ್ಲ, ಆದ್ದರಿಂದ ಅದನ್ನು ತೆಗೆಯುವ ಆದೇಶವೂ ಸುಲಭಕ್ಕೆ ಬರುವಂಥದ್ದಲ್ಲ. ಮೊದಲು ಕಂಬ ಹತ್ತಿದವನದು ಆ ಓಣಿ. ಎರಡನೆಯವನು ಹತ್ತಬೇಕಾದರೆ ಅಷ್ಟೇ ತಂತಿ ಎಳೆಯಬೇಕು, ಸಿಕ್ಕರೆ ಅರ್ಧ ಗಿರಾಕಿ. ಹೀಗಾಗಿ ಎರಡನೆಯವನು ಬರುವುದೇ ಇಲ್ಲ. ಇಷ್ಟು ಸಾಲದ್ದಕ್ಕೆ ನಮ್ಮಂಥವರು ಭಜಿ ತಿಂದು ಒಂದು ಲೆಟರನ್ನೂ ಬರೆದುಕೊಡುತ್ತೇವೆ.

ಮೊದಲ ಕೆಲವು ವರ್ಷ ನೆಟ್ ಬಂದದ್ದು ನೀಲಿ ಲ್ಯಾನ್ ವಾಯರಿನಲ್ಲಿ. ಕಂಬಕ್ಕೆ ಒಂದು ಡಬ್ಬಿ, ಡಬ್ಬಿಯೊಳಗೆ ಸ್ವಿಚ್ಚು, ಅದಕ್ಕೆ ಯಾರದೋ ಮನೆಯಿಂದ ಕರೆಂಟು. ಆ ಮನೆಯವರು ಊರಿಗೆ ಹೋಗುವಾಗ ಮೇನ್ ಬಂದ್ ಮಾಡಿದರೆ ಆ ಸಾಲಿಗೇ ನೆಟ್ ಬಂದ್. ಮೇ ತಿಂಗಳ ಗುಡುಗಿಗೆ ಪ್ರತಿ ವರ್ಷ ಎರಡು ಮೂರು ಸ್ವಿಚ್ಚು ಸುಟ್ಟು ಹೋಗುತ್ತಿದ್ದವು. 2017ರ ಮಾರ್ಚ್ ಕೊನೆಗೆ ನಮ್ಮಂಥ ಊರುಗಳ ಕೇಬಲ್ಲೂ ಡಿಜಿಟಲ್ ಆಗಬೇಕು, ಮನೆಮನೆಗೆ ಸೆಟ್‌ಟಾಪ್ ಬಾಕ್ಸ್ ಕೂಡಬೇಕು ಎಂಬ ಗಡುವು ಬಂತು. ಅದರ ಮುಂದಿನ ವರ್ಷ ಮಾಲಕ ಫೈಬರ್ ಎಳೆದ. ಈ ನಡುವೆ 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದಿತ್ತು. ಇನ್ನು ತಂತಿಯ ಕಾಲ ಮುಗಿಯಿತು ಎಂದು ಸ್ಟಾಫ್ ರೂಮಿನಲ್ಲಿ ನಾವೆಲ್ಲ ಭವಿಷ್ಯ ಹೇಳಿದ್ದೆವು. ಆದರೆ ನಮ್ಮ ಬಡಾವಣೆ ಇರುವುದು ತಗ್ಗಿನಲ್ಲಿ. ಯಾವ ಸಿಮ್ಮಾದರೂ ಮಾಳಿಗೆಯ ಮೇಲೆ ನಾಲ್ಕು ಕಡ್ಡಿ, ಪಡಸಾಲೆಯಲ್ಲಿ ಒಂದು, ಅಡುಗೆ ಮನೆಯಲ್ಲಿ ಸೊನ್ನೆ. ಹೀಗೆ ತಂತಿ ಉಳಿಯಿತು, ತಂತಿಯ ಜೊತೆ ಮಾಲಕನೂ ಉಳಿದ.

ಆತನ ದರ ತಿಂಗಳಿಗೆ ಏಳುನೂರು, ವೇಗ ಹೇಳುವುದಕ್ಕೆ 10 ಎಂಬಿಪಿಎಸ್. ತಂಗಿಯ ಮನೆ ಹುಮನಾಬಾದಿನಲ್ಲೇ, ನನ್ನ ಕಾಲೇಜಿನ ಹಿಂದೆ. ಅವಳ ಬಾಗಿಲ ಮುಂದಿನ ಕಂಬದಲ್ಲಿ ಮೂರು ಕಂಪನಿಗಳ ತಂತಿ ಜಡೆಗಟ್ಟಿದ್ದವು, ಐದುನೂರಕ್ಕೆ 40 ಎಂಬಿಪಿಎಸ್. ದಿನಾ ಬೆಳಿಗ್ಗೆ ನಾನು ಹೆದ್ದಾರಿ ಹಿಡಿದು, ರಾಜೇಶ್ವರ ದಾಟಿ, ಸುಮಾರು ಮೂವತ್ತು ಕಿಲೋಮೀಟರ್ ಹೋಗಿ ಅಗ್ಗದ ನೆಟ್ಟಿನ ಊರು ಸೇರುತ್ತಿದ್ದೆ, ಸಂಜೆ ತುಟ್ಟಿ ನೆಟ್ಟಿನ ಊರಿಗೆ ಮರಳುತ್ತಿದ್ದೆ. ನಮ್ಮ ನೆಟ್ಟೂ ಅದೇ ಹೆದ್ದಾರಿಯ ಗುಂಟ ಹುಮನಾಬಾದಿನಿಂದಲೇ ಬರುತ್ತಿತ್ತು. ಒಂದೇ ಬಸ್ಸಿನಲ್ಲಿ ಬಂದವರಂತೆ, ಆತನ ನೆಟ್ಟೂ ನಾನೂ.

ಮಾಲಕನಿಗೆ ಸಿಟ್ಟಿನಿಂದ ಒಂದು ಮಾತು ಆಡಲು ನಮಗೆ ಆಗುತ್ತಿರಲಿಲ್ಲ. ಇದನ್ನು ಶಹರದವರಿಗೆ ವಿವರಿಸುವುದು ಕಷ್ಟ. ಅಲ್ಲಿ ಕಂಪನಿ ಎಂದರೆ ಒಂದು ನಂಬರು, ಒಂದನ್ನು ಒತ್ತಿ ಎರಡನ್ನು ಒತ್ತಿ ಬೈಯಬಹುದು. ಇಲ್ಲಿ ಆತ ಎಳ್ಳ ಅಮಾವಾಸ್ಯೆಗೆ ತನ್ನ ಹೊಲಕ್ಕೆ ಕರೆದು ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಬಡಿಸುತ್ತಾನೆ. ನನ್ನ ಅವ್ವ ತೀರಿಕೊಂಡಾಗ ಟೆಂಟ್ ಹೌಸಿನ ಕುರ್ಚಿ ತಂದು ಇಳಿಸಿದವನು ಆತ. ನೆಟ್ ಹೋಗಿದೆ ಎಂದು ಫೋನ್ ಮಾಡಿದರೆ ‘ಆಗ್ತದ್ರಿ ಸರ, ಹುಡುಗನ್ನ ಕಳಸ್ತೀನಿ’ ಎನ್ನುತ್ತಾನೆ, ಹುಡುಗ ಮೂರು ದಿನಕ್ಕೆ ಬರುತ್ತಾನೆ, ನಾವು ಹುಡುಗನಿಗೆ ಚಹಾ ಕೊಡುತ್ತೇವೆ. ಏಕಸ್ವಾಮ್ಯ ನಮ್ಮೂರಿಗೆ ಬಂದಾಗ ಅದಕ್ಕೊಂದು ಪರಿಚಯದ ಮುಖ ಇರುತ್ತದೆ. ಆ ಮುಖ ನೋಡಿ ನಾಲಿಗೆ ಹಿಂದಕ್ಕೆ ಹೋಗುತ್ತದೆ.

ನಾಲಿಗೆ ಮುಂದಕ್ಕೆ ಬಂದದ್ದು 2020ರಲ್ಲಿ. ಮಾರ್ಚ್ ಕೊನೆಯ ವಾರ ದೇಶಕ್ಕೆ ಬೀಗ ಬಿತ್ತು. ಕಾಲೇಜಿನವರು ಆನ್‌ಲೈನ್ ಪಾಠ ಮಾಡಿ ಎಂದರು. ಮಗಳದು ಪಿಯುಸಿ, ಅವಳದೂ ಆನ್‌ಲೈನ್. ಹೆಂಡತಿಯ ತಮ್ಮ ಪುಣೆಯಿಂದ ಲ್ಯಾಪ್‌ಟಾಪ್ ಹೊತ್ತು ಬಂದು ಅಟ್ಟದ ಕೋಣೆ ಸೇರಿದ್ದ. ಮೂವರಿಗೆ ಒಂದು ಕನೆಕ್ಷನ್. ಪಡಸಾಲೆಯ ಗೂಟದ ಮೇಲೆ ಕ್ಯಾಲೆಂಡರಿನ ಪಕ್ಕ ಆ ಬಿಳಿ ಡಬ್ಬಿ. ಹಸಿರು ದೀಪ ಉರಿದರೆ ಮನೆಯಲ್ಲಿ ಶಾಂತಿ, ‘ಲಾಸ್’ ಎಂದು ಬರೆದ ಕಡೆ ಕೆಂಪು ದೀಪ ಮಿಟುಕಿದರೆ ಮೂರೂ ಕೋಣೆಗಳಿಂದ ಒಂದೇ ಕೂಗು. ನಾನು ವಚನ ಸಾಹಿತ್ಯದ ಪಾಠ ಮಾಡುತ್ತಿದ್ದೆ. ಕಲ್ಯಾಣದ ನೆಲದಲ್ಲಿ ಕೂತು ಅನುಭವ ಮಂಟಪದ ಬಗ್ಗೆ ಮಾತಾಡುತ್ತಿದ್ದರೆ ಆ ಕಡೆಯಿಂದ ‘ಸರ, ಆವಾಜ್ ಬರ್ಲತ್ತಿಲ್ರಿ’ ಎಂಬ ಮಾತು. ಇದರಲ್ಲಿ ಒಂದು ದೊಡ್ಡ ವ್ಯಂಗ್ಯ ತೆಗೆದು ಭಾಷಣ ಮಾಡಬಹುದು, ನಮ್ಮೂರಲ್ಲಿ ಮಂಟಪದ ಹೆಸರು ಹೇಳಿ ಭಾಷಣ ಮಾಡುವುದು ಬಹಳ ಸುಲಭ. ನಾನು ಮಾಡಿದ್ದು ಅಷ್ಟೇನೂ ಘನವಾದದ್ದಲ್ಲ. ಪಾಠವನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ರಾತ್ರಿ ಹನ್ನೆರಡರ ಮೇಲೆ ಮಾಳಿಗೆಗೆ ಹೋಗಿ ವಾಟ್ಸಾಪಿನಲ್ಲಿ ಕಳಿಸಿ, ಬೆಳಿಗ್ಗೆ ಎದ್ದು ಹೋಯಿತೋ ಇಲ್ಲವೋ ನೋಡುತ್ತಿದ್ದೆ. ಮುಡಬಿ ಹುಲಸೂರ ಕಡೆಯ ನನ್ನ ವಿದ್ಯಾರ್ಥಿಗಳಿಗೆ ಅದಾದರೂ ಸಿಗುತ್ತಿತ್ತೋ ಇಲ್ಲವೋ. ತಾಂಡಾದ ಒಬ್ಬ ಹುಡುಗಿ ನೀರಿನ ಟಾಕಿಯ ಮೆಟ್ಟಿಲ ಮೇಲೆ ಕೂತು ಕೇಳುತ್ತಿದ್ದಳಂತೆ. ನನಗೆ ತಂತಿ ಒಂದೇ ಎಂಬ ದುಃಖ, ಅವಳಿಗೆ ಒಂದೂ ಇಲ್ಲ.

ಒಂದು ಸಂಜೆ ವೇಗ ಅಳೆದೆ. ಅರ್ಧ ಎಂಬಿಪಿಎಸ್‌ಗಿಂತ ತುಸು ಹೆಚ್ಚು. ಏಳುನೂರು ಕೊಟ್ಟು ಇದೇನು ಬ್ರಾಡ್‌ಬ್ಯಾಂಡೇ ಎಂದು ಮಾಲಕನಿಗೆ ಕೇಳಿದೆ. ‘ಬ್ರಾಡ್‌ಬ್ಯಾಂಡೇ ಅದರಿ ಸರ’ ಎಂದ. ಆಮೇಲೆ ಓದಿ ನೋಡಿದರೆ ಆತ ಹೇಳಿದ್ದೇ ಖರೆ. 2004ರ ನೀತಿಯ ಪ್ರಕಾರ 256 ಕೆಬಿಪಿಎಸ್ ಬಂದರೂ ಅದು ಬ್ರಾಡ್‌ಬ್ಯಾಂಡ್. 2013ರಲ್ಲಿ ಅದನ್ನು 512ಕ್ಕೆ ಏರಿಸಿದರು. 2 ಎಂಬಿಪಿಎಸ್ ಎಂದು ಆದದ್ದು 2023ರ ಜನವರಿಯಲ್ಲಿ. ಅಂದರೆ ನನ್ನ ಮನೆಯಲ್ಲಿ ಮೂರು ಜನ ಕೂಗಾಡುತ್ತಿದ್ದ ಆ ಸಂಜೆ ನಮಗೆ ಬರುತ್ತಿದ್ದದ್ದು ಕಾಗದದ ಮೇಲೆ ಶುದ್ಧ ಬ್ರಾಡ್‌ಬ್ಯಾಂಡ್.

ಲೈನ್‌ಮನ್ ಹುಡುಗ ಬಂದ ದಿನ ನಾನು ಮೊದಲ ಸಲ ಆ ತಂತಿಯ ಒಳಗನ್ನು ನೋಡಿದೆ. ಹೆದ್ದಾರಿಯ ಹತ್ತಿರ ಜೆಸಿಬಿ ಎಲ್ಲೋ ಫೈಬರ್ ಹರಿದಿತ್ತು, ಅದು ಜೋಡಿಸಿಯಾದ ಮೇಲೂ ನಮ್ಮ ಸಾಲಿಗೆ ಬೆಳಕು ಬಂದಿರಲಿಲ್ಲ. ಹುಡುಗ ಬಿದಿರಿನ ಏಣಿಯನ್ನು ಕಂಬಕ್ಕೆ ಆನಿಸಿ ತಂತಿ ಇಳಿಸಿಕೊಂಡು, ನಮ್ಮ ಜಗಲಿಯ ಮೇಲೆ ಕೂತ. ಮಾಸ್ಕನ್ನು ಗದ್ದಕ್ಕೆ ಇಳಿಸಿಕೊಂಡಿದ್ದ. ಕಪ್ಪು ಸಿಪ್ಪೆ ಸುಲಿದ, ಒಳಗೊಂದು ನೀಲಿ ಸಿಪ್ಪೆ, ಅದನ್ನೂ ಸುಲಿದ. ಕೊನೆಗೆ ಉಳಿದದ್ದು ಕಣ್ಣಿಗೆ ಬಿದ್ದೂ ಬೀಳದ ಗಾಜಿನ ಎಳೆ. 125 ಮೈಕ್ರಾನ್ ದಪ್ಪ, ಹೆಚ್ಚು ಕಡಿಮೆ ತಲೆಗೂದಲು. ಬೆಳಕು ಓಡುವುದು ಅದರ ನಡುವಿನ 9 ಮೈಕ್ರಾನಿನಲ್ಲಿ ಮಾತ್ರ. ಸ್ಪಿರಿಟ್ ಹಚ್ಚಿದ ಟಿಶ್ಯೂವಿನಿಂದ ಅದನ್ನು ಒರೆಸಿದ, ಕೂಸಿನ ಮೂಗು ಒರೆಸಿದ ಹಾಗೆ. ‘ಫ್ಯಾನ್ ಬಂದ್ ಮಾಡ್ರಿ ಅಕ್ಕಾರ, ಧೂಳು ಬಿದ್ರ ಲೈಟ್ ಹೋಗ್ತದ’ ಎಂದು ನನ್ನ ಹೆಂಡತಿಗೆ ಹೇಳಿದ. ತುದಿಯನ್ನು ಕಟಕ್ಕೆಂದು ಕತ್ತರಿಸಿ ಎರಡೂ ಎಳೆಗಳನ್ನು ಸಣ್ಣ ಯಂತ್ರದಲ್ಲಿ ಎದುರುಬದುರು ಇಟ್ಟ. ಅದರ ಪರದೆಯ ಮೇಲೆ ಎಳೆಗಳು ಎರಡು ಕಂಬಗಳಷ್ಟು ದಪ್ಪ ಕಂಡವು, ಮಿಂಚೊಂದು ಹೊಡೆಯಿತು, ಎರಡೂ ಕರಗಿ ಒಂದಾದವು. 0.02 ಎಂದು ತೋರಿಸಿತು. ‘ಫಸ್ಟ್ ಕ್ಲಾಸ್’ ಅಂದ ಹುಡುಗ. ಕತ್ತರಿಸಿದ ಗಾಜಿನ ಚೂರುಗಳನ್ನು ಬೆರಳಿಗೆ ಟೇಪು ಸುತ್ತಿ ಒಂದೊಂದಾಗಿ ಎತ್ತಿ ಬೆಂಕಿಪೊಟ್ಟಣದಲ್ಲಿ ಹಾಕಿಕೊಂಡ. ಕಾಲಿಗೆ ಚುಚ್ಚಿದರೆ ತೆಗೆಯಲು ಬರುವುದಿಲ್ಲವಂತೆ.

ಆಮೇಲೆ ಅಂಗೈಯಷ್ಟು ಮೀಟರಿಗೆ ತಂತಿ ಚುಚ್ಚಿ ನನಗೆ ತೋರಿಸಿದ. ಮೈನಸ್ 28.4.

‘ಅಂದ್ರ?’ ಎಂದೆ.

‘ಮೈನಸ್ 27ರ ತನಾ ಛಲೋ ನಡೀತದ್ರಿ ಸರ. ಅದರ ಮ್ಯಾಲ ಹೋದ್ರ ದೀಪ ಕೆಂಪ ಆಗೋದು, ಹಸರ ಆಗೋದು, ಹಿಂಗೇ ಆಡ್ತದ. ಜಾಯಿಂಟ್ ಛಲೋನೇ ಅದ. ಬೆಳಕೇ ಕಮ್ಮಿ ಬರ್ಲತ್ತದ.’

ಯಾಕೆ ಎಂದು ಕೇಳಿದೆ. ಆತ ಒಂದು ಕ್ಷಣ ರಸ್ತೆಯ ಕಡೆ ನೋಡಿದ. ಆಮೇಲೆ ನನ್ನ ಮಗಳ ನೋಟ್‌ಬುಕ್ಕಿನ ಹಿಂದಿನ ಹಾಳೆಯ ಮೇಲೆ ಚಿತ್ರ ಬರೆದ. ಒಂದು ಎಳೆಯನ್ನು ಸ್ಪ್ಲಿಟರ್ ಎಂಬ ಡಬ್ಬಿಯಲ್ಲಿ ಎರಡು ಮಾಡಿದರೆ ಬೆಳಕು ಅರ್ಧ, ಮೀಟರಿನಲ್ಲಿ ಮೂರೂವರೆಯಷ್ಟು ಇಳಿಕೆ. ನಾಲ್ಕಕ್ಕೆ ಇನ್ನೊಂದು ಮೂರೂವರೆ, ಎಂಟಕ್ಕೆ ಮತ್ತೊಂದು. ನಮ್ಮ ಬಡಾವಣೆಗೆ ಎಂಟರ ಡಬ್ಬಿಯೊಂದು, ಅದರ ಪ್ರತಿ ಬಾಲಕ್ಕೆ ಎಂಟರ ಇನ್ನೊಂದು. ಅರವತ್ನಾಲ್ಕು. ಅದರ ಮೇಲೆ ಮೊನ್ನೆ ಹೊಸ ಮನೆಗಳಿಗೆಂದು ನಮ್ಮ ಸಾಲಿನಲ್ಲೇ ಇನ್ನೊಂದು ಎರಡರ ಡಬ್ಬಿ. ‘ಇದು ಬೆಳಕಿನ ಮಾತಾತ್ರಿ. ಸಂಜಿಮುಂದ ಸ್ಲೋ ಆಗೋದು ಬ್ಯಾರೆ. ಮಾಲಕರು ಹುಮನಾಬಾದಿಂದ ತರೋ ನೀರ ಅಷ್ಟೇ ಅದ, ನಳ ಮಾತ್ರ ಹೆಚ್ಚಾಗ್ಯಾವ.’ ಹಾಳೆ ಹರಿದು ಕಿಸೆಗಿಟ್ಟುಕೊಂಡ. ‘ನಾ ಹೇಳೀನಂತ ಹೇಳಬ್ಯಾಡ್ರಿ ಸರ.’

ಇಷ್ಟು ದಿನ ಹೇಳಲಿಲ್ಲ. ಈಗ ಬರೆದೆ. ಅದಕ್ಕೆ ಕಾರಣ ಕೊನೆಗೆ ಗೊತ್ತಾಗುತ್ತದೆ.

ಆ ವರ್ಷದ ದೀಪಾವಳಿಯ ಹೊತ್ತಿಗೆ ಇನ್ನೊಬ್ಬರು ಬಂದರು. ಊರೊಳಗೆ ಕನೆಕ್ಷನ್ ಕೊಡುತ್ತಿದ್ದ ಬೇರೆ ಕಂಪನಿಯ ಇಬ್ಬರು ಹುಡುಗರು, ಬೈಕಿನ ಹಿಂದೆ ತಂತಿಯ ದೊಡ್ಡ ಸಿಂಬಿ. ಮೂರನೆಯ ಕಂಬದ ತನಕ ಬಂದಿರಲಿಲ್ಲ, ಗೇಟಿನ ಹತ್ತಿರ ಜನ ಕೂಡಿತು. ಅಧ್ಯಕ್ಷರು ಮನೆಯೊಳಗಿನಿಂದ ಪ್ಲಾಸ್ಟಿಕ್ ಹಾಳೆ ಹಾಕಿಸಿದ ನನ್ನ ಕಾಗದ ತಂದರು. ಅವರು ಅದನ್ನು ಲ್ಯಾಮಿನೇಟ್ ಮಾಡಿಸಿದ್ದು ನನಗೆ ಗೊತ್ತೇ ಇರಲಿಲ್ಲ. ಹುಡುಗರಲ್ಲಿ ಒಬ್ಬ ಅದನ್ನು ಗಟ್ಟಿಯಾಗಿ ಓದಿದ, ‘ಆಗಲಿ’ ಎಂಬಲ್ಲಿ ಎರಡು ಸಲ ತಡವರಿಸಿದ. ಆತ ನನ್ನ ಹಳೆಯ ವಿದ್ಯಾರ್ಥಿ. ತಲೆ ಎತ್ತಿ ‘ಸರ, ಇದು ನೀವೇ ಬರದದ್ದಾ?’ ಎಂದ. ಅಕ್ಷರ ಗುರುತು ಹಿಡಿದಿದ್ದ. ನಾನು ಹೂಂ ಎಂದೆ. ಸಿಂಬಿ ಹೊತ್ತುಕೊಂಡು ಅವರು ಹೋದರು.

ಅಂದು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ಹತ್ತಿತು. ಹತ್ತದೆ ಹೋದದ್ದು ಮರುದಿನ, ತಂಗಿಯ ಮಗ ಅಮೆರಿಕದ ಡಲ್ಲಾಸಿನಿಂದ ಮಾತಾಡಿದ ಮೇಲೆ. ಪರದೆಯಲ್ಲಿ ನನ್ನ ಮುಖ ಚೌಕ ಚೌಕವಾಗಿ ಒಡೆದದ್ದಕ್ಕೆ ಕಾರಣ ಹೇಳಿದೆ. ‘ಇಲ್ಲೀನೂ ಹಂಗೇ ಅದ ಮಾಮಾ’ ಎಂದ. ಅವನಿದ್ದ ಅಪಾರ್ಟ್‌ಮೆಂಟಿಗೆ ಒಂದೇ ಕಂಪನಿ. ಕಟ್ಟಡದವರಿಗೆ ಕಂಪನಿ ಕೈಬಿಸಿ ಮಾಡುತ್ತದೆ, ಇನ್ನೊಬ್ಬರು ಒಳಗೆ ಬರುವುದಿಲ್ಲ. ಇನ್ನೊಬ್ಬರನ್ನು ಹೊರಗಿಡುವ ಒಪ್ಪಂದ ಮಾಡಬಾರದು ಎಂದು ಅಲ್ಲಿಯ ಸಂಪರ್ಕ ಆಯೋಗ ವರ್ಷಗಳ ಹಿಂದೆಯೇ ಹೇಳಿದ್ದರೂ, ಆದಾಯ ಹಂಚಿಕೊಳ್ಳುವ ಕಳ್ಳದಾರಿ ಉಳಿದಿತ್ತು. ಅದರಲ್ಲಿ ಕೆಲವು ಬಗೆಯನ್ನು ಮುಚ್ಚಿದ್ದು 2022ರ ಫೆಬ್ರವರಿಯಲ್ಲಿ. ಡಲ್ಲಾಸಿನ ಕಂಪನಿಗೂ ನಮ್ಮ ಗುಡಿಯ ಫರಸಿಗೂ ಇಷ್ಟು ಹತ್ತಿರದ ಸಂಬಂಧ ಇದೆಯೆಂದು ನಾನು ಅಂದುಕೊಂಡಿರಲಿಲ್ಲ.

ನಮ್ಮ ಟ್ರಾಯ್ ಏನು ಹೇಳುತ್ತದೆ ಎಂದು ಹುಡುಕಿದೆ. 2017ರ ಜನವರಿಯಲ್ಲೇ ಅದು ಶಿಫಾರಸು ಮಾಡಿತ್ತು: ಕಟ್ಟಡ, ವಸತಿ ಸಮುಚ್ಚಯಗಳಲ್ಲಿ ಬೇರೆಯವರನ್ನು ತಡೆಯುವ ಏಕಮಾತ್ರ ಒಪ್ಪಂದ ಮಾಡಿಕೊಂಡರೆ ಅದನ್ನು ಪರವಾನಗಿ ಷರತ್ತಿನ ಉಲ್ಲಂಘನೆ ಎಂದು ಎಣಿಸಬಹುದು. ಶಿಫಾರಸು ಶಿಫಾರಸೇ. ಅದು ನಮ್ಮ ಗೇಟಿನ ತನಕ ನಡೆದು ಬಂದಿರಲಿಲ್ಲ. ಮುಂದೆ 2024ರ ಅಕ್ಟೋಬರಿನಲ್ಲಿ ಅದೇ ಟ್ರಾಯ್, ಕಟ್ಟಡಗಳಿಗೆ ಅಲ್ಲಿನ ನೆಟ್ ಸೌಕರ್ಯ ನೋಡಿ ಹೋಟೆಲಿಗೆ ಕೊಟ್ಟಂತೆ ನಕ್ಷತ್ರ ಕೊಡುವ ನಿಯಮ ತಂದಿತು. ನಮ್ಮ ಬಡಾವಣೆಗೆ ಅಂದು ನಕ್ಷತ್ರ ಕೊಡುವುದಾಗಿದ್ದರೆ ಮಾಳಿಗೆಗೆ ಹೋಗಿ ಆಕಾಶವನ್ನೇ ತೋರಿಸಬೇಕಿತ್ತು.

2021ರ ಏಪ್ರಿಲ್ 17ಕ್ಕೆ ಬಸವಕಲ್ಯಾಣದಲ್ಲಿ ವಿಧಾನಸಭೆ ಉಪಚುನಾವಣೆ ನಡೆಯಿತು. ಊರಿನ ಧೂಳೆಲ್ಲ ಕಾರುಗಳ ಗಾಲಿಗೆ ಹತ್ತಿ ಎದ್ದ ದಿನಗಳು. ಮತ ಕೇಳಲು ಬಂದವರಿಗೆ ನಮ್ಮವರು ರಸ್ತೆ, ಚರಂಡಿ, ನೆಟ್ ಎಂದು ಮೂರು ಹೇಳಿದರು. ಚೀಟಿಯಲ್ಲಿ ಎರಡು ಬರೆದುಕೊಂಡು ಹೋದರು. ಆದರೆ ಆ ರಸ್ತೆಯ ಮಾತಿನಿಂದಲೇ ನನಗೊಂದು ಎಳೆ ಸಿಕ್ಕಿತು. ರಸ್ತೆ ಯಾರು ಮಾಡಿಸಬೇಕು ಎಂಬ ಜಗಳ ಬಂದಾಗ ಲೇಔಟಿನ ಹಳೆಯ ಫೈಲು ತೆಗೆದೆವು. ಬಡಾವಣೆ ಮಂಜೂರಾಗುವಾಗಲೇ ರಸ್ತೆ, ಉದ್ಯಾನವನ್ನು ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಡಬೇಕೆಂಬುದು ನಿಯಮ, ನಮ್ಮದೂ ಬಿಟ್ಟುಕೊಟ್ಟಾಗಿತ್ತು. ಕಂಬಗಳಂತೂ ಎಂದಿಗೂ ಜೆಸ್ಕಾಂನವು. ಆ ಫೈಲನ್ನು ತೊಡೆಯ ಮೇಲಿಟ್ಟುಕೊಂಡು ನಾನು ಗುಡಿಯ ಫರಸಿಯ ಮೇಲೆ, ಅದೇ ಹದಿನೈದು ಸಾವಿರದ ಫರಸಿಯ ಮೇಲೆ, ಕೂತೆ. ರಸ್ತೆ ನಮ್ಮದಲ್ಲ, ಕಂಬ ನಮ್ಮದಲ್ಲ. ಐದು ಜನ ಭಜಿ ತಿಂದು ಬರೆದುಕೊಟ್ಟದ್ದು ನಮ್ಮದಲ್ಲದ ರಸ್ತೆಗೆ, ನಮ್ಮದಲ್ಲದ ಕಂಬಕ್ಕೆ ಅನುಮತಿ. ಅವಧಿ ಬರೆಯದೆ ಇದ್ದದ್ದು ನನ್ನ ತಪ್ಪು ಎಂದು ಒಳಗೊಳಗೇ ಕೊರಗಿದ್ದೆ. ಬರೆದಿದ್ದರೂ ಅಷ್ಟೇ ಆಗಿತ್ತು. ಆ ಕಾಗದಕ್ಕೆ ಮೊದಲ ದಿನದಿಂದಲೂ ಬೆಲೆ ಇರಲಿಲ್ಲ. ಅದರ ಬಲವೆಲ್ಲ ನಾವು ಅದನ್ನು ನಂಬಿದ್ದರಲ್ಲಿ, ಮತ್ತು ಲ್ಯಾಮಿನೇಷನ್ನಿನಲ್ಲಿ.

ಎರಡನೆಯ ಕಾಗದವನ್ನೂ ನಾನೇ ಬರೆದೆ. ಮೂರು ಸಾಲು. ಬಡಾವಣೆಯ ಯಾವ ನಿವಾಸಿಯಾದರೂ ತನಗೆ ಬೇಕಾದವರಿಂದ ಸೇವೆ ಪಡೆಯಬಹುದು, ಸಂಘಕ್ಕೆ ತಕರಾರಿಲ್ಲ. ಇದಕ್ಕೆ ಸಹಿ ಬೀಳಲು ಎಂಟು ತಿಂಗಳು ಹಿಡಿಯಿತು. ಗುಡಿಯ ಪುಕ್ಕಟೆ ಕನೆಕ್ಷನ್ ಹೋಗುತ್ತದೆ ಎಂದರು ಒಬ್ಬರು. ಹನುಮಪ್ಪನಿಗೆ ನೆಟ್ ಯಾಕೆ ಎಂದು ಯಾರೋ ಕೇಳಿದ್ದಕ್ಕೆ ಜಗಳವೇ ಆಯಿತು. ಕ್ಯಾಮೆರಾ ನಾಲ್ಕರಲ್ಲಿ ಮೂರು ಕುರುಡಾಗಿದ್ದವು, ಉಳಿದ ಒಂದು ಬೇವಿನ ಮರ ನೋಡುತ್ತಿತ್ತು. ಆದರೂ ಅವು ಬೇಕೆಂದರು.

ಸಹಿ ಮುಗಿದ ಸಂಜೆ ಮಾಲಕ ಮನೆಗೆ ಬಂದ. ಭಜಿ ಇರಲಿಲ್ಲ. ಚಹಾ ಕುಡಿದ, ಬಶಿ ಕೆಳಗಿಟ್ಟ. ‘ಸರ, ನಾ ಇಲ್ಲಿ ಕಂಬ ಹತ್ತಿದಾಗ ಯಾರ ಬಂದಿದ್ರಿ? ಹನ್ನೊಂದು ಮನಿಗಿ ಎರಡು ಕಿಲೋಮೀಟರ್ ವಾಯರ್ ಎಳದೀನಿ. ಆಟೋ ನಗರದಾಗ ನಮ್ಮಣ್ಣನ ಜೋಡಿ ಲಾರಿ ಬಾಡಿ ಕಟ್ಟೋ ಶೆಡ್ಡಿನಾಗ ಪಾಲಿತ್ತು, ಅದು ಮಾರಿ ಎಳದೀನಿ. ಈಗ ಮನಿ ತುಂಬ್ಯಾವ, ಈಗ ಎಲ್ಲಾರೂ ಬರ್ತಾರ.’ ಬಸವಕಲ್ಯಾಣದ ಆಟೋ ನಗರದಲ್ಲಿ ಒಂದು ಪಾಲು ಅಂದರೆ ಏನೆಂದು ಊರಿನವರಿಗೆ ಗೊತ್ತು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮೂರು ವರ್ಷ ಎಂದು ಅಂದೇ ಬರೆದಿದ್ದರೆ ಆತನ ಬಂಡವಾಳವೂ ಬರುತ್ತಿತ್ತು, ನಮ್ಮ ಕುತ್ತಿಗೆಯೂ ಉಳಿಯುತ್ತಿತ್ತು ಎಂದು ಈಗ ಅನ್ನಿಸುತ್ತದೆ. ಅಂದು ಬರೀ ‘ಇನ್ನೊಂದು ಸ್ವಲ್ಪ ಚಹಾ?’ ಎಂದೆ.

2022ರ ಶ್ರಾವಣದಲ್ಲಿ ನನ್ನ ಹಳೆಯ ವಿದ್ಯಾರ್ಥಿ ಸಿಂಬಿ ಹೊತ್ತು ಮತ್ತೆ ಬಂದ. ಎರಡನೆಯ ತಂತಿ ಗೇಟು ದಾಟಿದ್ದು ಸೋಮವಾರ. ಶುಕ್ರವಾರ ಮಾಲಕನಿಂದ ಎಲ್ಲರ ವಾಟ್ಸಾಪಿಗೂ ಒಂದು ಬಣ್ಣದ ಚಿತ್ರ ಬಂತು, ಹಬ್ಬದ ಆಫರ್: ನಾಲ್ಕುನೂರ ಎಪ್ಪತ್ತಕ್ಕೆ 50 ಎಂಬಿಪಿಎಸ್. ಅವ್ವ ಇದ್ದಿದ್ದರೆ ಆ ಚಿತ್ರವನ್ನು ಎರಡು ಬೆರಳಿನ ನಡುವೆ ಹಿಡಿದು ಉಜ್ಜಿ ನೋಡುತ್ತಿದ್ದಳು. ನಾನು ಕನೆಕ್ಷನ್ ಬದಲಿಸಲಿಲ್ಲ. ಸೋಮಾರಿತನ ಅನ್ನಿ, ಟೆಂಟ್ ಹೌಸಿನ ಕುರ್ಚಿಯ ಋಣ ಅನ್ನಿ. ಆ ವಾರವೇ ಮಾಲಕನ ಫೋನ್ ಬಂತು, ಏಳು ವರ್ಷದಲ್ಲಿ ಮೊದಲ ಸಲ ತಾನಾಗಿ ಮಾಡಿದ್ದು: ‘ಸರ, ನೆಟ್ ಹ್ಯಾಂಗ ನಡದದ್ರಿ?’

ಮರುದಿನ ಹುಡುಗ ಬಂದು ನಮ್ಮ ಸಾಲಿನ ಎರಡರ ಡಬ್ಬಿ ತೆಗೆದು, ಹೊಸ ಎಳೆ ಎಳೆದು, ಮೀಟರ್ ಚುಚ್ಚಿ ನನ್ನ ಮುಂದೆ ಹಿಡಿದ. ಮೈನಸ್ 19. ಕಂಬದ ಮೇಲೆ ಈಗ ಎರಡು ಡಬ್ಬಿ, ಒಂದು ಕಪ್ಪು ಒಂದು ಬಿಳಿ. ಏಣಿ ಇಳಿಸಿಕೊಳ್ಳದೆ ಆತ ಬಿಳಿ ಡಬ್ಬಿಯನ್ನೂ ತೆರೆದು ಒಳಗೆ ಏನೋ ಸರಿ ಮಾಡತೊಡಗಿದ.

‘ಅದು ಅವರದಲ್ಲೇನೋ ತಮ್ಮಾ?’ ಎಂದೆ.

‘ಅವರದೇರಿ. ಎರಡೂ ಕಡೆ ನಾನೇ ನೋಡ್ತೀನಿ ಈಗ. ಮಾಲಕರಿಗೂ ಗೊತ್ತದ.’

‘ಮತ್ತ ನೀ ಯಾರ ಕಡೆಯವ?’

ಬಾಯಲ್ಲಿ ಟೇಪು ಕಚ್ಚಿಕೊಂಡಿದ್ದ. ಅದನ್ನು ತೆಗೆದು ಕೆಳಗೆ ನೋಡಿ ನಕ್ಕ.

‘ಏಣಿ ನಂದದರಿ ಸರ.’